ಎಪಾಕ್ಸಿಯಲ್ಲಿ ಗ್ರಾಫೀನ್ ಗಂಟು ಕಟ್ಟುತ್ತಿದೆ, ಸಹಾಯ ಬೇಕು

ಎಂ.ಟೆಕ್ ಪ್ರಾಜೆಕ್ಟಿಗಾಗಿ ಎಪಾಕ್ಸಿ ರಾಳಕ್ಕೆ ಗ್ರಾಫೀನ್ ನ್ಯಾನೋಪ್ಲೇಟ್‌ಲೆಟ್ (ಇಂಗಾಲದ ಅತಿ ತೆಳು ಹಾಳೆಗಳ ಪುಡಿ) ಬೆರೆಸುತ್ತಿದ್ದೇನೆ. ತೂಕದಲ್ಲಿ ಬರೀ ಶೇ. 0.5. ಅಷ್ಟಕ್ಕೇ ಈ ಪಾಡು.

ಪುಡಿಯನ್ನು ಅಸಿಟೋನಿನಲ್ಲಿ ಹಾಕಿ, ಶ್ರವಣಾತೀತ ಕಂಪನದಿಂದ ಗಂಟು ಬಿಡಿಸುವ ತೊಟ್ಟಿಯಾದ ಬಾತ್ ಸೋನಿಕೇಟರ್‌ನಲ್ಲಿ ಒಂದು ಗಂಟೆ ಇಡುತ್ತೇನೆ. ರಾಳ ಸೇರಿಸಿ ಇನ್ನೊಂದು ಗಂಟೆ. ಆಮೇಲೆ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಕುತ್ತ ಅಸಿಟೋನ್ ಆರಿಸಿ, ತಣ್ಣಗಾದ ಮೇಲೆ ರಾಳವನ್ನು ಗಟ್ಟಿಯಾಗಿಸುವ ಹಾರ್ಡನರ್ ಹಾಕುತ್ತೇನೆ. ಅಸಿಟೋನ್ ಇರುವಷ್ಟು ಹೊತ್ತು ಮಿಶ್ರಣ ಶಾಯಿಯಂತೆ ನಯವಾಗಿರುತ್ತದೆ. ಅದು ಆರಿತೋ, ಹದ ತಪ್ಪಿದ ರಾಗಿ ಮುದ್ದೆಯೇ! ವ್ಯಾನ್ ಡರ್ ವಾಲ್ಸ್ ಸೆಳೆತದಿಂದ (ಅಣುಗಳ ನಡುವಿನ ದುರ್ಬಲ ಆಕರ್ಷಣೆ) ಹಾಳೆಗಳು ಮತ್ತೆ ಒಂದರ ಮೇಲೊಂದು ಕೂರುತ್ತವೆ ಎಂಬುದು ಗೊತ್ತು. ತಡೆಯುವುದು ಹೇಗೆಂದು ತಿಳಿಯುತ್ತಿಲ್ಲ.

ಎಳೆತದ ಬಲ ಶುದ್ಧ ಎಪಾಕ್ಸಿಗಿಂತಲೂ ಕಡಿಮೆ ಬಂದಿದೆ. ಮುರಿದ ಮೇಲ್ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿರುಕು ಗಂಟಿನಿಂದಲೇ ಹೊರಟಿದೆ. ಗಾಜಿನ ಸ್ಥಿತ್ಯಂತರ ತಾಪಮಾನವೂ (ಗಟ್ಟಿಯಾದ ರಾಳ ಮೆದುವಾಗತೊಡಗುವ ಬಿಸಿ) ಇಳಿದಿದೆ. ಅಸಿಟೋನ್ ಪೂರ್ತಿ ಹೋಗದೆ ರಾಳವನ್ನು ಮೆದುವಾಗಿಸಿದೆ ಎಂಬುದು ನನ್ನ ಗುಮಾನಿ. ನಿರ್ವಾತ ಒಲೆಯಲ್ಲಿ ಎಷ್ಟು ಹೊತ್ತು ಇಟ್ಟರೆ ಸಾಕು? ತೂಕ ಸ್ಥಿರವಾಗುವವರೆಗೆ ಕಾಯುವುದೊಂದೇ ದಾರಿಯೇ?

ಪ್ರೋಬ್ ಸೋನಿಕೇಟರ್ (ದ್ರವದೊಳಗೇ ಅದ್ದುವ ಕಂಪನದ ಕಡ್ಡಿ) ಬಳಸಿದವರು ದಯವಿಟ್ಟು ಪಲ್ಸ್ (ಬಿಟ್ಟು ಬಿಟ್ಟು ನಡೆಸುವ ಅವಧಿ), ಶಕ್ತಿ, ಒಟ್ಟು ಸಮಯ ತಿಳಿಸಿ. ಹೆಚ್ಚಾದರೆ ಹಾಳೆಗಳೇ ತುಂಡಾಗುತ್ತವೆ ಎಂಬ ಭಯವಿದೆ. ದ್ರಾವಕವೇ ಬೇಡದ ಮೂರು ರೋಲರ್‌ಗಳ ಗಿರಣಿ ನನಗೆ ಹೆಚ್ಚು ಇಷ್ಟವಾದ ದಾರಿ, ಆದರೆ ನಮ್ಮ ವಿಭಾಗದಲ್ಲಿ ಅದಿಲ್ಲ. ಬೆಂಗಳೂರಿನಲ್ಲಿ ಒಂದು ದಿನದ ಮಟ್ಟಿಗೆ ಬಳಸಲು ಕೊಡುವವರಿದ್ದರೆ ಹೇಳಿ, ರಾಳ ನಾನೇ ತರುತ್ತೇನೆ. ಯಂತ್ರ ತೊಳೆದೂ ಕೊಡುತ್ತೇನೆ.