ಚಟ್ಟಿಯಲ್ಲಿದ್ದ ಕೆಂಪು ಚೆಂಡಿನ ಹೂವಿನ ಗಿಡ ಕಾಣೆ, ಹೆಸರೂ ಗೊತ್ತಿಲ್ಲ

ಬೈಲುಮನೆ, ಕಟಪಾಡಿ (ಜನವರಿ 12)
ಎರಡು ವರ್ಷದ ಹಿಂದೆ ಕಾರ್ಕಳದ ಚಿಕ್ಕಮ್ಮ ಒಂದು ಗಡ್ಡೆ ಕೊಟ್ಟಿದ್ದರು. ಹೆಸರು ಅವರಿಗೂ ಗೊತ್ತಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ಬರೀ ಮಣ್ಣಿನಿಂದ ದಪ್ಪ ದಂಟೊಂದು ಎದ್ದು, ತುದಿಯಲ್ಲಿ ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ಕೆಂಪು ಚೆಂಡು ಅರಳಿತು. ಹತ್ತಿರ ಹೋಗಿ ನೋಡಿದರೆ ಅದು ಒಂದು ಹೂವಲ್ಲ, ನೂರಾರು ಸಣ್ಣ ಹೂಗಳು. ಒಂದೊಂದರಿಂದಲೂ ಕೆಂಪು ಕೇಸರ ಹೊರಗೆ ಚಾಚಿ, ತುದಿಯಲ್ಲಿ ಹಳದಿ ಪುಡಿ. ಆಮೇಲೆ ಅಗಲ ಎಲೆ ಬಂತು. ಮಳೆಗಾಲ ಪೂರ್ತಿ ಚೆನ್ನಾಗಿತ್ತು. ದೀಪಾವಳಿ ಕಳೆದ ಮೇಲೆ ಎಲೆ ಹಳದಿಯಾಯಿತು. ನೀರು ಸಾಕಾಗಲಿಲ್ಲವೇನೋ ಎಂದು ದಿನಾ ಎರಡು ಹೊತ್ತು ಹಾಕಿದೆ. ಎಲ್ಲ ಬಾಡಿ ಈಗ ಏನೂ ಇಲ್ಲ. ಸತ್ತೇಹೋಯಿತಾ? ಚಿಕ್ಕಮ್ಮ ಈಗ ಇಲ್ಲ, ಬಿಸಾಡಲು ಮನಸ್ಸು ಬರುತ್ತಿಲ್ಲ.

ಕುಲಶೇಖರದವ
ಬೇರು ಕೊಳೆತಿರಬೇಕು. ಮೈಲುತುತ್ತಿನ ಔಷಧಿ ಹಾಕಿ, ಗೊಬ್ಬರವೂ ಕೊಡಿ.

ಹೂಚಟ್ಟಿ, ಮಂಗಳೂರು
ಅಕ್ಕಾ, ಸದ್ಯ ಔಷಧಿಯೂ ಬೇಡ, ಗೊಬ್ಬರವೂ ಬೇಡ. ಮೊದಲು ನೀರು ನಿಲ್ಲಿಸಿ. ದಂಟಿನ ಬುಡದಲ್ಲಿ ಕಂದು ಚುಕ್ಕೆ ಇತ್ತಾ, ನೆನಪುಂಟಾ? ಇದ್ದರೆ ಇದು ನಮ್ಮಲ್ಲಿ ಮೇ ಫ್ಲವರ್, ಫುಟ್ಬಾಲ್ ಲಿಲ್ಲಿ ಎನ್ನುವ ಗಿಡ. ಗುಲ್‌ಮೊಹರ್ ಮರಕ್ಕೂ ಕೆಲವರು ಮೇ ಫ್ಲವರ್ ಅಂತಾರೆ, ಅದು ಬೇರೆ. ಇದರ ಶಾಸ್ತ್ರೀಯ ಹೆಸರು ಸ್ಕಾಡಾಕ್ಸಸ್ ಮಲ್ಟಿಫ್ಲೋರಸ್. ಹಳೇ ಪುಸ್ತಕಗಳಲ್ಲಿ ಹೀಮ್ಯಾಂಥಸ್ ಅಂತ ಸಿಗುತ್ತದೆ. ಮೂಲ ಆಫ್ರಿಕಾ. ಅಲ್ಲಿ ಮಳೆ ನಿಂತ ಮೇಲೆ ಎಲೆ ಉದುರಿಸಿ ಗಡ್ಡೆ ಮಣ್ಣೊಳಗೆ ಮಲಗುತ್ತದೆ. ಇಲ್ಲಿಗೆ ಬಂದರೂ ಆ ಅಭ್ಯಾಸ ಬಿಟ್ಟಿಲ್ಲ. ಎಲೆ ಹಳದಿಯಾದದ್ದು ರೋಗದಿಂದಲ್ಲ, ನಿದ್ರೆಯ ಸಮಯ ಬಂದದ್ದಕ್ಕೆ. ನನಗೆ ಹೆದರಿಕೆ ಇರುವುದು ನೀವು ಆಮೇಲೆ ಹಾಕಿದ ನೀರಿನದ್ದೇ. ಎಲೆ ಇಲ್ಲದ ಗಡ್ಡೆ ನೀರು ಕುಡಿಯುವುದಿಲ್ಲ, ಒದ್ದೆ ಮಣ್ಣಲ್ಲಿ ಸುಮ್ನೆ ಕೊಳೆಯುತ್ತದೆ. ಮಣ್ಣು ಮೆಲ್ಲ ಸರಿಸಿ ಗಡ್ಡೆ ಒತ್ತಿ ನೋಡಿ. ಗಟ್ಟಿ ಇದ್ದರೆ ಬದುಕಿದೆ.

ಬೈಲುಮನೆ
ಚುಕ್ಕೆ ಇತ್ತು! ಗಡ್ಡೆ ತೆಗೆದೆ. ದೊಡ್ಡ ನೀರುಳ್ಳಿಯಷ್ಟಿದೆ. ಗಟ್ಟಿ, ಆದರೆ ಒಂದು ಬದಿ ಮೆತ್ತಗೆ, ಕೆಟ್ಟ ವಾಸನೆ.

ಹೂಚಟ್ಟಿ, ಮಂಗಳೂರು
ಹಾಗಾದರೆ ಉಳಿಸಬಹುದು. ಶುಚಿಯಾದ ಚೂರಿಯಲ್ಲಿ ಮೆತ್ತಗಿನ ಭಾಗವನ್ನು ಬಿಳಿ ತಿರುಳು ಕಾಣುವವರೆಗೆ ಕೊಯ್ದು ತೆಗೆಯಿರಿ. ಕೈ ತೊಳೆಯಲು ಮರೆಯಬೇಡಿ. ಗಡ್ಡೆಯಲ್ಲಿ ವಿಷ ಉಂಟು, ಮಕ್ಕಳು, ದನಕರು ಬಾಯಿ ಹಾಕದಂತೆ ನೋಡಿಕೊಳ್ಳಿ. ಕೊಯ್ದ ಗಾಯ ಒಣಗಲು ಕೆಲವು ದಿನ ನೆರಳಲ್ಲಿ ಇಡಿ. ಆಮೇಲೆ ಕೆಂಪು ಮಣ್ಣು, ಹೊಯ್ಗೆ (ಮರಳು), ಸ್ವಲ್ಪ ಸುಡುಮಣ್ಣು ಕಲಸಿ ನೆಡಿ. ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟದಲ್ಲೇ ಇರಲಿ. ದೊಡ್ಡ ಚಟ್ಟಿ ಬೇಡ, ಗಡ್ಡೆಯ ಸುತ್ತ ಎರಡು ಬೆರಳು ಜಾಗ ಸಾಕು. ತಳದ ತೂತು ಮುಚ್ಚಿದೆಯಾ ನೋಡಿ. ಚಟ್ಟಿಯನ್ನು ಜಗಲಿಯ ಮೂಲೆಗೆ ಸರಿಸಿ, ಏಪ್ರಿಲ್ ಕೊನೆಯವರೆಗೆ ಮರೆತುಬಿಡಿ. ಮೊದಲ ಗುಡುಗು ಮಳೆ ಬಂದಾಗ ಅಂಗಳಕ್ಕೆ ತನ್ನಿ, ಮಧ್ಯಾಹ್ನದ ಬಿಸಿಲು ನೇರ ಬೀಳದ ಕಡೆ. ಪತ್ತನಾಜೆ, ಅಂದರೆ ಮೇ ಕೊನೆಯ ವಾರದ ಆಸುಪಾಸಿನಲ್ಲಿ ಏನಾದರೂ ಕಾಣಬೇಕು. ಪೆಟ್ಟು ತಿಂದ ಗಡ್ಡೆ ಮೊದಲ ವರ್ಷ ಹೂ ಕೊಡದಿರಬಹುದು, ಬೇಸರ ಮಾಡಬೇಡಿ.

ಕುಲಶೇಖರದವ
ನಾನು ಹೇಳಿದ್ದು ತಪ್ಪಾಯಿತು. ನನ್ನಲ್ಲೂ ಖಾಲಿ ಚಟ್ಟಿ ಒಂದುಂಟು, ನಾಳೆಯೇ ಒತ್ತಿ ನೋಡುತ್ತೇನೆ.

ಬೈಲುಮನೆ (ಮೇ 27)
ಹೂ ಬರಲಿಲ್ಲ. ಆದರೆ ನಿನ್ನೆ ಬೆಳಿಗ್ಗೆ ಸುರುಳಿ ಸುತ್ತಿದ ಹಸಿರು ಮೊಳಕೆ, ಹೆಬ್ಬೆರಳಿನಷ್ಟು. ಬುಡದಲ್ಲಿ ಅದೇ ಕಂದು ಚುಕ್ಕೆ. ಚಿಕ್ಕಮ್ಮನ ಮಗಳಿಗೆ ಫೋಟೋ ಕಳುಹಿಸಿದೆ.

ಹೂಚಟ್ಟಿ, ಮಂಗಳೂರು
ಭಾರಿ ಸಂತೋಷ ಅಕ್ಕಾ. ಈ ಎಲೆಗಳೇ ಮುಂದಿನ ವರ್ಷದ ಹೂವಿಗೆ ಊಟ ಕೂಡಿಡುವುದು, ಒಂದನ್ನೂ ಕತ್ತರಿಸಬೇಡಿ. ಈಗ ಒಂದು ಹಿಡಿ ಹಟ್ಟಿಗೊಬ್ಬರ ಹಾಕಬಹುದು. ಮಳೆಗಾಲದಲ್ಲಿ ಕಪ್ಪು ಮೈಯ, ಬಿಳಿ, ಕಿತ್ತಳೆ ಚುಕ್ಕೆಯ ಹುಳು ಬಂದರೆ ಎಲೆಯಡಿ ಹುಡುಕಿ ಕೈಯಲ್ಲೇ ಹೆಕ್ಕಿ. ಎರಡೇ ರಾತ್ರಿಯಲ್ಲಿ ಇಡೀ ಗಿಡ ಮುಗಿಸುತ್ತವೆ.