ನಮ್ಮ ಏರಿಯಾ ಹಿಂದೆ ಅಪಾರ್ಟ್‌ಮೆಂಟ್ ಬರ್ತಿದ್ಯಂತೆ, ಕೋಲಾರದವ್ರು ಏನಂತೀರಾ?

ಮನೆ ಹಿಂದಿನ ರಾಗಿ ಹೊಲದಲ್ಲಿ ಅಪಾರ್ಟ್‌ಮೆಂಟ್ ಕಟ್ತಾರಂತೆ, ಪಕ್ಕದಲ್ಲೇ ರಾಜಕಾಲುವೆ, ಮಳೆ ಜೋರಾದ್ರೆ ಈಗ್ಲೇ ರೋಡಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತೆ. ನಲ್ಲಿ ನೀರು ವಾರಕ್ಕೊಂದ್ಸಲ, ಉಳಿದಿದ್ದೆಲ್ಲ ಟ್ಯಾಂಕರ್. ಇನ್ನೂ ಅಷ್ಟು ಮನೆ ಬಂದ್ರೆ ನಮ್ ಗತಿ ಏನು? ತಕರಾರು ಎಲ್ಲಿ ಕೊಡೋದು?

ಕೆರೆಕಟ್ಟೆ:
ಮೊದ್ಲು ಸರ್ವೆ ನಂಬರ್ ಹಿಡೀರಿ ಸರ್. ಪಹಣಿ ತೆಗೆಸಿ, ಭೂಪರಿವರ್ತನೆ ಆಗಿದ್ಯಾ ನೋಡಿ. ಗ್ರಾಮ ನಕ್ಷೆಲಿ ಕಾಲುವೆ ಎಲ್ಲಿ ಹೋಗುತ್ತೆ ಅಂತ ಗೊತ್ತಾಗುತ್ತೆ, ಅದೇ ದೊಡ್ಡ ಸಾಕ್ಷಿ. ಜಾಗ 500 ಚದರ ಮೀಟರ್, ಫ್ಲ್ಯಾಟ್ 8 ಎರಡೂ ದಾಟಿದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇಲ್ದೆ ಮಾರೋ ಹಾಗಿಲ್ಲ. ತಕರಾರು ನಗರಸಭೆಗೆ ಬರವಣಿಗೇಲೇ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.

ಬಾಡಿಗೆ ಮನೆಯವ್ಳು:
ನಾನಂತೂ ಬೇಡ ಅನ್ನಲ್ಲ. ನರಸಾಪುರದ ಫ್ಯಾಕ್ಟರಿಗೆ ಹೋಗೋ ಹೆಣ್ಮಕ್ಕಳು ನಮ್ ಬೀದೀಲಿ ಒಂದು ರೂಮಲ್ಲಿ ಐದಾರು ಜನ ಇದಾರೆ, ಅವ್ರಿಗೂ ಮನೆ ಬೇಕಲ್ವಾ? ಕಾಲುವೆ ಬಿಟ್ಟು ಕಟ್ಲಿ ಅಂತ ಕೇಳಿ ಅಣ್ಣ, ಕಟ್ಟೋದೇ ಬೇಡ ಅನ್ಬೇಡಿ.

ಹಳೇ ಬೋರ್‌ವೆಲ್:
ಅಕ್ಕ ಹೇಳಿದ್ದು ನ್ಯಾಯ, ಆದ್ರೆ ನೀರು ಎಲ್ಲಿಂದ ತರ್ತಾರೆ? ಕೆ.ಸಿ. ವ್ಯಾಲಿ ನೀರು 2018ರಿಂದ ಕೆರೆಗಳಿಗೆ ಬರ್ತಿದೆ ನಿಜ, ಅದು ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಅಂತರ್ಜಲಕ್ಕೆ ಅಂತ ಬಿಡೋದು, ಕುಡಿಯೋಕಲ್ಲ. ನಮ್ ತಾತ ಬಾವಿಲಿ ಕೈಯಲ್ಲೇ ನೀರು ಸೇದ್ತಿದ್ರು, ನಮ್ ಬೋರ್ ಈಗ 1,200 ಅಡಿ. ಮಳೆನೀರು ಇಂಗುಗುಂಡಿ, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಪ್ಲಾನಲ್ಲೇ ಇದ್ಯಾ ಅಂತ ಕೇಳ್ಲೇಬೇಕು.

ಕೇಳಿದವ್ರು:
ಥ್ಯಾಂಕ್ಸ್, ಸೋಮವಾರ ಅಕ್ಕಪಕ್ಕದವ್ರೆಲ್ಲ ಸೇರಿ ನಗರಸಭೆಗೆ ಹೋಗ್ತೀವಿ.