ಎರಡೂ ಸ್ಪೀಕರ್ ಧ್ವನಿ ಮಂಕು, ಟ್ರೆಬಲ್ (ಮೇಲಿನ ಸ್ವರ) ಇಲ್ಲವೇ ಇಲ್ಲ. ಯಾರಾದರೂ ದಾರಿ ಹೇಳಿ

ತಂತಿಮೀಟು:
ಸ್ಪೀಕರ್ ಧ್ವನಿ ಪೂರ್ತಿ ಮಂಕಾಗಿದೆ. ಹಾಡುವವರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ಹಾಡಿದ ಹಾಗೆ ಕೇಳಿಸುತ್ತಿದೆ. ಬೇಸ್ ಮಾತ್ರ ಗುಂಯ್ ಅನ್ನುತ್ತದೆ. ತಂಬೂರಿ ಝೇಂಕಾರ, ತಾಳದ ಕಿಣಿಕಿಣಿ ಎಲ್ಲ ಮಾಯ. ಹಾಡಿನಲ್ಲಿ ‘ಸ’ ಯಾವುದು ‘ಶ’ ಯಾವುದು ತಿಳಿಯುತ್ತಿಲ್ಲ. ಹೊಸ ವೈರ್ ಹಾಕಿದೆ, ಸ್ಪೀಕರ್ ಜಾಗ ಬದಲಿಸಿದೆ, ಗ್ರಿಲ್ ತೆಗೆದೆ, ಟ್ರೆಬಲ್ ನಾಬ್ ಕೊನೇವರೆಗೂ ತಿರುಗಿಸಿದೆ. ಏನೂ ಪ್ರಯೋಜನವಿಲ್ಲ. ಹಳೇ ಟೂ-ವೇ ಸ್ಪೀಕರ್ (ಬೇಸ್‌ಗೆ ವೂಫರ್, ಟ್ರೆಬಲ್‌ಗೆ ಟ್ವೀಟರ್), ಮೊದಲು ಚೆನ್ನಾಗಿಯೇ ಹಾಡುತ್ತಿದ್ದವು. ತಲೆ ಕೆಟ್ಟುಹೋಗಿದೆ. ಬೇರೆ ಸ್ಪೀಕರ್ ತಗೊಳ್ಳಲೇಬೇಕಾ?

ಬೆಸುಗೆ:
ಟ್ವೀಟರ್ ಹೋಗಿದೆ ಸರ್, ಅನುಮಾನವೇ ಬೇಡ. ಆಂಪ್ ಕ್ಲಿಪ್ ಆಗುವಷ್ಟು ವಾಲ್ಯೂಮ್ ಇಟ್ಟು ಕೇಳಿದರೆ ಸಿಗ್ನಲ್‌ನ ತಲೆ ಚಪ್ಪಟೆಯಾಗಿ ಹಾರ್ಮಾನಿಕ್ಸ್, ಅಂದರೆ ಮೇಲಿನ ಫ್ರೀಕ್ವೆನ್ಸಿಗಳು, ಹುಟ್ಟುತ್ತವೆ. ಅದೆಲ್ಲ ನೇರ ಟ್ವೀಟರ್‌ಗೇ ಹೋಗುತ್ತದೆ. ಕೂದಲೆಳೆಯಂಥ ತಂತಿಯ ಕಾಯಿಲ್ ಅದು, ಸುಟ್ಟುಹೋಗುತ್ತದೆ. ಮಲ್ಟಿಮೀಟರ್ ಇದ್ದರೆ ಓಮ್ಸ್‌ಗೆ ಇಟ್ಟು ಸ್ಪೀಕರ್ ಹಿಂದಿನ ಟರ್ಮಿನಲ್‌ನಲ್ಲಿ ಅಳೆದು ರೀಡಿಂಗ್ ಹಾಕಿ.

ವಾಲ್ವ್‌ಪ್ರೇಮಿ:
ಅಳೆಯುವ ಮೊದಲು ವೈರ್ ಯಾವುದು ಅಂತ ಹೇಳಿ. ತೆಳು ವೈರ್‌ನಲ್ಲಿ ಮೇಲಿನ ಸ್ವರಗಳು ಸತ್ತುಹೋಗುತ್ತವೆ. ನನ್ನ ಕಿವಿಗೆ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಹಳೇಆಂಪ್:
ದಯವಿಟ್ಟು ವೈರ್ ವಿಷಯ ಬಿಡಿ. ಮೂರು ಮೀಟರ್ ಉದ್ದದ 2.5 ಚದರ ಮಿಮೀ ತಾಮ್ರದ ವೈರ್‌ಗೆ ಹೋಗಿ ಬರುವ ದಾರಿ ಸೇರಿ ಸುಮಾರು 0.04 ಓಮ್ ರೆಸಿಸ್ಟೆನ್ಸ್. ಅಷ್ಟಕ್ಕೆ ‘ಸ’ ‘ಶ’ ಮಾಯವಾಗುವುದಿಲ್ಲ.

ವಾಲ್ವ್‌ಪ್ರೇಮಿ:
ಲೆಕ್ಕ ಬೇರೆ, ಕೇಳುವುದು ಬೇರೆ. ನನ್ನದು 300ಬಿ ಟ್ಯೂಬಿನ ಸಿಂಗಲ್ ಎಂಡೆಡ್ ಆಂಪ್. ವೆಸ್ಟರ್ನ್ ಎಲೆಕ್ಟ್ರಿಕ್‌ನವರು ಆ ಟ್ಯೂಬ್ ತಂದದ್ದು 1938ರಲ್ಲಿ, ಇವತ್ತಿಗೂ ಅದಕ್ಕೆ ಸಾಟಿಯಿಲ್ಲ. ಚಾನೆಲ್‌ಗೆ ಎಂಟು ವ್ಯಾಟ್, ಎದುರಿಗೆ ಹಾರ್ನ್ ಸ್ಪೀಕರ್. ಹಾಡುವವರು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ವೈರ್ ಬದಲಿಸಿದ ದಿನ ಅದರಲ್ಲೇ ವ್ಯತ್ಯಾಸ ಕಂಡಿದ್ದೇನೆ.

ಷಡ್ಜ:
ತಂತಿಮೀಟು ಅವರೇ, ಎರಡೂ ಸ್ಪೀಕರ್ ಒಟ್ಟಿಗೇ ಮಂಕಾದವಾ, ಇಲ್ಲ ಒಂದಾದ ಮೇಲೆ ಒಂದಾ? ಎರಡು ಟ್ವೀಟರ್ ಒಂದೇ ಸಲ, ಒಂದೇ ಥರ ಹೋಗುವುದು ಅಪರೂಪ. ಹಿಂದೆ ಎರಡು ಜೊತೆ ಟರ್ಮಿನಲ್ ಇದ್ದರೆ ನಡುವಿನ ಲೋಹದ ಪಟ್ಟಿ ಇದೆಯಾ ನೋಡಿ. ಅದು ಇಲ್ಲದಿದ್ದರೆ ವೂಫರ್ ಮಾತ್ರ ಹಾಡುತ್ತದೆ. ಹಾಗೇ ಆಂಪ್ ಯಾವುದು, ಸೋರ್ಸ್ ಯಾವುದು ಅದನ್ನೂ ಹೇಳಿ.

ತಂತಿಮೀಟು:
ಒಟ್ಟಿಗೇ ಆದದ್ದು. ಟರ್ಮಿನಲ್ ಒಂದೇ ಜೊತೆ, ಪಟ್ಟಿ ಇಲ್ಲ. ಬೆಸುಗೆ ಅವರು ಹೇಳಿದ ಹಾಗೆ ಅಳೆದೆ: ಎಡಕ್ಕೆ 6.2, ಬಲಕ್ಕೆ 6.3 ಓಮ್. ಇದು ಸರಿ ಇದೆಯಲ್ಲ? ಹಾಗಾದರೆ ಟ್ವೀಟರ್ ಚೆನ್ನಾಗಿದೆ ಅಂತ ಅರ್ಥವಾ?

ಷಡ್ಜ:
ಅದು ವೂಫರ್‌ನ ರೀಡಿಂಗ್. ಟ್ವೀಟರ್ ದಾರಿಯಲ್ಲಿ ಬೇಸ್, ಟ್ರೆಬಲ್ ಬೇರ್ಪಡಿಸುವ ಕ್ರಾಸ್‌ಓವರ್‌ನ ಕೆಪಾಸಿಟರ್ ಇರುತ್ತದೆ. ಮೀಟರ್ ಕಳಿಸುವುದು ಡಿಸಿ, ಅದು ಕೆಪಾಸಿಟರ್ ದಾಟುವುದಿಲ್ಲ. ಟ್ವೀಟರ್ ಸತ್ತಿದ್ದರೂ ಹಿಂದಿನ ಟರ್ಮಿನಲ್‌ನಲ್ಲಿ ಇದೇ ಆರು ಓಮ್ ತೋರಿಸುತ್ತದೆ. ಟ್ವೀಟರ್ ಅಳೆಯಬೇಕಾದರೆ ಅದನ್ನು ಬಿಚ್ಚಿ, ಒಂದು ವೈರ್ ಕಳಚಿ, ಅದರ ಕಾಲಿಗೇ ಮೀಟರ್ ಹಿಡಿಯಬೇಕು. ಸದ್ಯಕ್ಕೆ ಹಾಡು ಹಾಕಿ ಟ್ವೀಟರ್ ಹತ್ತಿರ ಕಿವಿ ಇಟ್ಟು ಕೇಳಿ, ಸಾಕು.

ತಂತಿಮೀಟು:
ಕಿವಿ ಇಟ್ಟೆ. ಎರಡರಲ್ಲೂ ಸಣ್ಣಗೆ ಸುಸ್ ಅಂತ ಬರುತ್ತಿದೆ. ಜೀವ ಇದೆ, ಆದರೆ ತುಂಬ ಕ್ಷೀಣ.

ಬೆಸುಗೆ:
ಹಾಗಿದ್ದರೆ ಫೆರೋಫ್ಲೂಯಿಡ್ ಗಟ್ಟಿಯಾಗಿದೆ. ಹಳೇ ಟ್ವೀಟರ್‌ಗಳಲ್ಲಿ ಇದು ಮಾಮೂಲು. 1963ರಲ್ಲಿ ನಾಸಾದ ಸ್ಟೀವ್ ಪಪೆಲ್ ರಾಕೆಟ್ ಇಂಧನಕ್ಕೆ ಅಂತ ಮಾಡಿದ ಕಾಂತೀಯ ದ್ರವ ಅದು. ಆಮೇಲೆ ಟ್ವೀಟರ್ ಕಾಯಿಲ್ ತಣ್ಣಗಿಡಲು ಮ್ಯಾಗ್ನೆಟ್ ಸಂದಿಗೆ ಹಾಕಲು ಶುರು ಮಾಡಿದರು. ವರ್ಷಗಳು ಕಳೆದ ಮೇಲೆ ಒಣಗಿ ಅಂಟಾಗುತ್ತದೆ, ಡೋಮ್ ಅಲುಗಾಡಲು ಬಿಡುವುದಿಲ್ಲ. ಬಿಚ್ಚಿ, ಬ್ಲಾಟಿಂಗ್ ಪೇಪರ್‌ನಿಂದ ಸಂದಿ ಒರೆಸಿ ಹೊಸದು ಹಾಕಿ. ಎರಡೂ ಒಂದೇ ವಯಸ್ಸಿನವು, ಒಟ್ಟಿಗೇ ಒಣಗಿವೆ, ಅಷ್ಟೇ.

ಹಳೇಆಂಪ್:
ಅದು ನಿಧಾನಕ್ಕೆ ಒಣಗುವ ವಸ್ತು. ಇವರು ಹೇಳುತ್ತಿರುವುದು ಎರಡೂ ಒಟ್ಟಿಗೇ ಮಂಕಾದವು ಅಂತ. ಷಡ್ಜ ಆಗಲೇ ಕೇಳಿದರು, ಉತ್ತರ ಬಂದಿಲ್ಲ: ಸೋರ್ಸ್ ಯಾವುದು? ಫೋನ್ ಅಥವಾ ಸಿಡಿ ಪ್ಲೇಯರ್ ಹಾಕಿದರೂ ಹೀಗೇನಾ?

ತಂತಿಮೀಟು:
ಸೋರ್ಸ್ ಟರ್ನ್‌ಟೇಬಲ್, ನಾನು ಕೇಳುವುದು ಬರೀ ರೆಕಾರ್ಡ್. ಅದು ಮೊದಲಿಂದ ಇರುವುದೇ, ಅದರಲ್ಲಿ ಏನೂ ಬದಲಾಗಿಲ್ಲ. ಆಂಪ್ ಮಾತ್ರ ಈಚೆಗೆ ತಂದದ್ದು. ಹಳೆಯದರಲ್ಲಿ ಟರ್ನ್‌ಟೇಬಲ್‌ಗೆಂದೇ ಇರುವ ಫೋನೋ ಇನ್‌ಪುಟ್ ಇರಲಿಲ್ಲ, ಮಾಮೂಲಿ ಇನ್‌ಪುಟ್ ಆದ ಆಕ್ಸ್‌ಗೆ ಹಾಕುತ್ತಿದ್ದೆ. ಇದರಲ್ಲಿ ಫೋನೋ ಇದೆ, ಅದಕ್ಕೇ ಹಾಕಿದ್ದೇನೆ.

ಷಡ್ಜ:
ಅಲ್ಲೇ ಇದೆ ವಿಷಯ. ಹಳೇ ಆಂಪ್‌ನ ಆಕ್ಸ್‌ನಲ್ಲಿ ಸರಿಯಾಗಿ ಹಾಡುತ್ತಿತ್ತು ಅಂದರೆ ನಿಮ್ಮ ಟರ್ನ್‌ಟೇಬಲ್ ಒಳಗೇ ಫೋನೋ ಪ್ರೀಆಂಪ್ ಇದೆ. ರೆಕಾರ್ಡ್ ಕೆತ್ತುವಾಗ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ, ಪ್ರೀಆಂಪ್ ಅದನ್ನು ತಿರುಗುಮುರುಗು ಮಾಡಿ ಸಮಕ್ಕೆ ತರುತ್ತದೆ. 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ ಇದಕ್ಕೆ ಒಂದು ಕರ್ವ್ ಗೊತ್ತು ಮಾಡಿತು. ಪ್ರೀಆಂಪ್‌ನಲ್ಲಿ 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ 10 ಕಿಲೋಹರ್ಟ್ಸ್‌ನಲ್ಲಿ ಸುಮಾರು 14 ಡಿಬಿ, 20ರಲ್ಲಿ ಸುಮಾರು 20 ಡಿಬಿ ಇಳಿಕೆ. ಕೆಳಗಿನ ತುದಿಯಲ್ಲಿ, 20 ಹರ್ಟ್ಸ್ ಹತ್ತಿರ, ಬೇಸ್ ಹೆಚ್ಚುಕಡಿಮೆ ಅಷ್ಟೇ ಏರಿಕೆ. ಟರ್ನ್‌ಟೇಬಲ್ ಒಳಗೆ ಒಂದು ಸಲ, ಆಂಪ್ ಒಳಗೆ ಇನ್ನೊಂದು ಸಲ ಇದೇ ನಡೆದರೆ ಟ್ರೆಬಲ್ ಎಲ್ಲಿಂದ ಬರಬೇಕು? ಟರ್ನ್‌ಟೇಬಲ್ ಹಿಂಬದಿಯಲ್ಲೋ ಪ್ಲ್ಯಾಟರ್ ಕೆಳಗೋ ಫೋನೋ/ಲೈನ್ ಅಂತ ಸಣ್ಣ ಸ್ವಿಚ್ ಇರುತ್ತದೆ, ನೋಡಿ. ಲೈನ್ ಅಂದರೆ ಒಳಗಿನ ಪ್ರೀಆಂಪ್ ಆನ್.

ಬೆಸುಗೆ:
ಒಪ್ಪುವುದು ಕಷ್ಟ. ಫೋನೋ ಇನ್‌ಪುಟ್ ಕಾಯುವುದು 5 ಮಿಲಿವೋಲ್ಟ್ ಆಸುಪಾಸಿನ ಸಿಗ್ನಲ್‌ಗೆ. ಲೈನ್ ಔಟ್ ಅಂದರೆ ನೂರಾರು ಮಿಲಿವೋಲ್ಟ್. ಧ್ವನಿ ಒಡೆದು ಚಿಂದಿಯಾಗಬೇಕಿತ್ತು. ಅವರು ಹೇಳುತ್ತಿರುವುದು ಮಂಕು ಅಂತ ಮಾತ್ರ.

ತಂತಿಮೀಟು:
ಒಡೆಯುತ್ತದೆ ಸರ್. ವಾಲ್ಯೂಮ್ ಸ್ವಲ್ಪ ತಿರುಗಿಸಿದರೂ ಸಾಕು, ಜೋರಾಗಿ ಗೊರಗೊರ. ಹೊಸ ಆಂಪ್‌ನ ಪವರ್ ಜಾಸ್ತಿ, ಸ್ಪೀಕರ್ ತಡೆಯುತ್ತಿಲ್ಲ ಅಂದುಕೊಂಡು ಬರೆಯಲಿಲ್ಲ. ಸ್ವಿಚ್ ಇದೆ, ಹಿಂಬದಿಯಲ್ಲಿ, ಆರ್‌ಸಿಎ ಸಾಕೆಟ್ ಪಕ್ಕ. ಲೈನ್‌ನಲ್ಲಿದೆ.

ಹಳೇಆಂಪ್:
ವಾಲ್ಯೂಮ್ ಸೊನ್ನೆಗೆ ತಂದು, ಆಂಪ್ ಆಫ್ ಮಾಡಿ, ಆಮೇಲೆ ಸ್ವಿಚ್ ಫೋನೋಗೆ ತಳ್ಳಿ. ಗ್ರೌಂಡ್ ವೈರ್ ಇದ್ದರೆ ಆಂಪ್‌ನ ಗ್ರೌಂಡ್ ಸ್ಕ್ರೂಗೆ ಕಟ್ಟಿ, ಇಲ್ಲದಿದ್ದರೆ ಹಮ್ ಬರುತ್ತದೆ. ಸ್ವಿಚ್ ಲೈನ್‌ನಲ್ಲೇ ಬಿಟ್ಟು ಆಕ್ಸ್‌ಗೆ ಹಾಕಿದರೂ ಸರಿ. ಎರಡೂ ಕೇಳಿ ನೋಡಿ, ಯಾವುದು ಹಿಡಿಸುತ್ತದೋ ಅದನ್ನೇ ಇಟ್ಟುಕೊಳ್ಳಿ.

ತಂತಿಮೀಟು:
ಅಬ್ಬಾ! ತಂಬೂರಿ ವಾಪಸ್ ಬಂತು. ವಾಲ್ಯೂಮ್ ಅರ್ಧಕ್ಕೆ ತಂದರೂ ಒಡೆಯುತ್ತಿಲ್ಲ. ಇಬ್ಬರಿಗೂ ತುಂಬ ಥ್ಯಾಂಕ್ಸ್. ಇನ್ನೊಂದೇ ಅನುಮಾನ. ಈಗ ಬಲಗಡೆ ಸ್ಫಟಿಕದ ಹಾಗೆ ಸ್ಪಷ್ಟ, ಎಡಗಡೆ ಸ್ವಲ್ಪ ಡಲ್. ಮಧ್ಯದಲ್ಲಿ ಇರಬೇಕಾದ ದನಿ ಬಲಕ್ಕೆ ವಾಲುತ್ತದೆ.

ಷಡ್ಜ:
ಆಂಪ್ ಹಿಂದೆ ಎಡ ಬಲ ಸ್ಪೀಕರ್ ವೈರ್ ಅದಲುಬದಲು ಮಾಡಿ. ಡಲ್ ಆದದ್ದು ಸ್ಪೀಕರ್ ಜೊತೆಗೇ ಉಳಿದರೆ ತೊಂದರೆ ಸ್ಪೀಕರ್‌ನದು. ಇನ್ನೊಂದು ಪೆಟ್ಟಿಗೆಗೆ ಹೋದರೆ ಆಂಪ್, ಕಾರ್ಟ್ರಿಜ್ (ಸೂಜಿ ಇರುವ ಭಾಗ) ಅಥವಾ ಆರ್‌ಸಿಎ ಕೇಬಲ್.

ತಂತಿಮೀಟು:
ಅದೇ ಪೆಟ್ಟಿಗೆಯಲ್ಲೇ ಉಳಿಯಿತು.

ಬೆಸುಗೆ:
ನಾನು ಮೊದಲಿಂದ ಹೇಳುತ್ತಿರುವುದು ಅದನ್ನೇ. ಈಗಲಾದರೂ ಬಿಚ್ಚಿ. ಟ್ವೀಟರ್ ಕಾಲಿಗೆ ಮೀಟರ್ ಹಿಡಿದು ಓಮ್ಸ್ ನೋಡಿ. ಜೊತೆಗೆ ಕ್ರಾಸ್‌ಓವರ್ ಕೆಪಾಸಿಟರ್‌ನ ಒಂದು ಕಾಲು ಬೆಸುಗೆ ಬಿಡಿಸಿ ಅದರ ಬೆಲೆ ಅಳೆಯಿರಿ. ಬೋರ್ಡ್ ಮೇಲೆ ಇದ್ದ ಹಾಗೇ ಅಳೆದರೆ ಸುಳ್ಳು ರೀಡಿಂಗ್ ಬರುತ್ತದೆ.

ತಂತಿಮೀಟು:
ಟ್ವೀಟರ್ ಎರಡೂ 5.4 ಓಮ್. ಡೋಮ್ ಬೆರಳಲ್ಲಿ ಮೆತ್ತಗೆ ಒತ್ತಿದರೆ ಎರಡೂ ಒಂದೇ ಥರ ಅಲುಗಾಡುತ್ತವೆ, ಅಂಟಿಲ್ಲ. ಕೆಪಾಸಿಟರ್ ಮೇಲೆ 4.7 ಮೈಕ್ರೋಫ್ಯಾರಡ್ ಅಂತಿದೆ. ಮೀಟರ್‌ನಲ್ಲಿ ಬಲದ್ದು 4.4, ಎಡದ್ದು 2.8.

ಷಡ್ಜ:
ಸಿಕ್ಕಿತು. ಅದು ಒಳಗೆ ದ್ರವ ಇರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಒಣಗಿದೆ. ಬೆಲೆ ಇಳಿದರೆ ಟ್ವೀಟರ್ ಶುರುವಾಗುವ ಫ್ರೀಕ್ವೆನ್ಸಿ ಮೇಲಕ್ಕೆ ಹೋಗುತ್ತದೆ, ಒಳಗಿನ ರೆಸಿಸ್ಟೆನ್ಸ್ ಏರಿ ಸದ್ದೂ ತಗ್ಗುತ್ತದೆ. ಬಲದ್ದು ಚೆನ್ನಾಗಿದೆ ಅಂತ ಬಿಡಬೇಡಿ, ಎರಡನ್ನೂ ಬದಲಿಸಿ. ಜೋಡಿ ಹೊಂದಬೇಕು.

ವಾಲ್ವ್‌ಪ್ರೇಮಿ:
ಬದಲಿಸುವುದೇ ಆದರೆ ಪೇಪರ್-ಇನ್-ಆಯಿಲ್ (ಎಣ್ಣೆಯಲ್ಲಿ ನೆನೆದ ಕಾಗದದ) ಕೆಪಾಸಿಟರ್ ಹಾಕಿ. ನನ್ನ ಹಾರ್ನ್‌ಗಳಲ್ಲಿ ಅದೇ ಇದೆ, ಆ ಮೃದುತ್ವ ಬೇರೆಯದರಲ್ಲಿ ಬರುವುದಿಲ್ಲ.

ಬೆಸುಗೆ:
ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್ ಹಾಕಿ, ಜನ್ಮದಲ್ಲಿ ಒಣಗುವುದಿಲ್ಲ.

ಹಳೇಆಂಪ್:
ಫಿಲ್ಮ್‌ನ ಒಳ ರೆಸಿಸ್ಟೆನ್ಸ್ ತೀರಾ ಕಡಿಮೆ. ಆ ಕಾಲದ ಕ್ರಾಸ್‌ಓವರ್ ಎಲೆಕ್ಟ್ರೋಲಿಟಿಕ್ ಲೆಕ್ಕದಲ್ಲಿ ಮಾಡಿದ್ದು, ಟ್ರೆಬಲ್ ತುಸು ಚುಚ್ಚಬಹುದು. ಹಾಗಾದರೆ ಜೊತೆಗೆ ಅರ್ಧ ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಬೇಕು. ನನ್ನ ಮಟ್ಟಿಗೆ ಮೂಲದಲ್ಲಿ ಇದ್ದಂಥದ್ದೇ ಬೈಪೋಲಾರ್ ಎಲೆಕ್ಟ್ರೋಲಿಟಿಕ್ ಹಾಕುವುದು ಒಳ್ಳೆಯದು.

ಬೆಸುಗೆ:
ಹೊಸ ಭಾಗ ಹಾಕಿ ಅದನ್ನು ಕೆಡಿಸಲು ರೆಸಿಸ್ಟರ್ ಯಾಕೆ? ಕಿವಿಗೆ ಎರಡು ದಿನ ಕೊಟ್ಟರೆ ಹೊಂದಿಕೊಳ್ಳುತ್ತದೆ.

ಹಳೇಆಂಪ್:
ಸ್ಪೀಕರ್ ಮಾಡಿದವರ ಲೆಕ್ಕ ಉಳಿಸುವುದು ಕೆಡಿಸುವುದಲ್ಲ.

ತಂತಿಮೀಟು:
ಬೈಪೋಲಾರ್ ಎಲೆಕ್ಟ್ರೋಲಿಟಿಕ್ ನಾಲ್ಕು ಆರ್ಡರ್ ಮಾಡಿದೆ, ಅಳೆದು ಹತ್ತಿರದ ಬೆಲೆಯ ಎರಡನ್ನು ಜೋಡಿ ಮಾಡುತ್ತೇನೆ. ಇದಕ್ಕೆ ಪ್ಲಸ್ ಮೈನಸ್ ನೋಡಬೇಕಾ?

ಷಡ್ಜ:
ಬೈಪೋಲಾರ್‌ಗೆ ದಿಕ್ಕಿಲ್ಲ, ಹೇಗೆ ಹಾಕಿದರೂ ಸರಿ. ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಟ್ವೀಟರ್‌ನ ಎರಡು ವೈರ್ ಮಾತ್ರ ಮೊದಲಿದ್ದ ಕಾಲಿಗೇ ವಾಪಸ್ ಹೋಗಬೇಕು. ಬಿಡಿಸುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಗುಂಯ್‌ಗಾನ:
ನನಗೂ ಇದೇ ಸಮಸ್ಯೆ, ಧ್ವನಿ ಮಂಕು. ನಾನೂ ಕೆಪಾಸಿಟರ್ ಬದಲಿಸಬೇಕಾ?

ಹಳೇಆಂಪ್:
ಬೇರೆ ಥ್ರೆಡ್ ತೆರೆಯಿರಿ. ಮೊದಲ ಸಾಲಿನಲ್ಲೇ ಸೋರ್ಸ್, ಆಂಪ್, ಯಾವ ಇನ್‌ಪುಟ್, ಈಚೆಗೆ ಏನು ಬದಲಿಸಿದಿರಿ ಅಂತ ಬರೆಯಿರಿ.